ಕರೆಯುವ ದನಿಗೆ ಎಷ್ಟು ಅಂಕ

ಆ ಆಟವನ್ನು ನಾನು ಮೊದಲ ಸಲ ಆಡಿದ್ದು ಅದರ ಒಂದು ಸದ್ದೂ ಕಿವಿಗೆ ಬೀಳದಂತೆ ಏರ್ಪಾಡು ಮಾಡಿಕೊಂಡು. ಲ್ಯಾಪ್‌ಟಾಪಿನ ಸದ್ದನ್ನೇ ಅಡಗಿಸಿದರೆ, ನಾನು ಆಡುವುದನ್ನು ಸೆರೆಹಿಡಿಯುವ ವಿಡಿಯೋದಲ್ಲಿಯೂ ದನಿ ಮೂಡದೆ ಹೋದೀತೆಂಬ ಅಂಜಿಕೆಯಿತ್ತು. ವಿಮರ್ಶೆಯ ಜೊತೆಗೆ ಆ ವಿಡಿಯೋ ಬೇಕೇ ಬೇಕು. ಆದ್ದರಿಂದ ಹೆಡ್‌ಫೋನನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಅದನ್ನು ಮೇಜಿನ ಖಾನೆಯೊಳಗಿಟ್ಟು, ಮೇಲೊಂದು ಟವೆಲ್ ಹೊದಿಸಿ, ಖಾನೆಯನ್ನು ನೂಕಿ ಮುಚ್ಚಿದೆ. ಬಳಿಕ ಫ್ಯಾನನ್ನು ಜೋರು ಮಾಡಿ ಆಡಲು ಕುಳಿತೆ. ಶಿಕಾರಿಪುರದ ನನ್ನ ಮನೆಯ ಹೊರಕೋಣೆಯಲ್ಲಿ ಬೆಳಗಿನ ಬಿಸಿಲು ನೆಲಕ್ಕೆ ಬಿದ್ದಿತ್ತು.

ಖಾನೆಯೊಳಗೆ ಇದ್ದದ್ದು ನನ್ನ ಭಾವನ, ಅಂದರೆ ಅಕ್ಕನ ಗಂಡನ, ದನಿ. ಅವರು ತೀರಿಕೊಂಡು ಆಗ ವರ್ಷ ತುಂಬುತ್ತ ಬಂದಿತ್ತು.

ವಿಡಿಯೋ ಗೇಮುಗಳಿಗೆ ಕನ್ನಡದಲ್ಲಿ ವಿಮರ್ಶೆ ಬರೆದು ಅಂಕ ಕೊಡುವ ಕೆಲಸಕ್ಕೆ ನನ್ನನ್ನು ಎಳೆದವರು ಅವರೇ. ನಾನು ಶಿಕಾರಿಪುರದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವನು. ಪ್ರತಿ ಬೇಸಿಗೆಯಲ್ಲೂ ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗುತ್ತಿದ್ದೆ. ಅವಧಿಗೆ ಮುನ್ನ ನಿವೃತ್ತಿ ಪಡೆದ ಮೇಲೆ ಶಾಲೆಯ ಬೇರಾವುದೂ ಅಷ್ಟಾಗಿ ನೆನಪಾಗದಿದ್ದರೂ ಆ ಕೆಲಸ ಮಾತ್ರ ಕಾಡುತ್ತಿತ್ತು. ಭಾವ ಸೊರಬದ ಬಸ್ ನಿಲ್ದಾಣದ ಹತ್ತಿರ ಕಂಪ್ಯೂಟರ್ ಕೇಂದ್ರವೊಂದನ್ನು ನಡೆಸುತ್ತಿದ್ದರು. ಮುಂದಿನ ಕೋಣೆಯಲ್ಲಿ ಟೈಪಿಂಗ್ ಕಲಿಕೆ, ಅರ್ಜಿ ತುಂಬುವುದು, ಪಹಣಿ ತೆಗೆದುಕೊಡುವುದು. ಹಿಂದಿನ ಕೋಣೆಯಲ್ಲಿ ಗೇಮುಗಳು. ಆ ಹಿಂದಿನ ಕೋಣೆಯ ಗೋಡೆಗಳಿಗೆ ಖಾಲಿ ಗೋಣಿಚೀಲಗಳನ್ನು ಹೊಡೆದು, ಬೀದಿಯ ಸದ್ದು ಬಾರದಂತೆ ಮಾಡಿ, ಅಲ್ಲಿ ಕುಳಿತು ಅವರು ವಿಮರ್ಶೆಗಳನ್ನು ಮೈಕಿಗೆ ಓದುತ್ತಿದ್ದರು. ಬರೆಯುವವನು ನಾನು, ಓದುವವರು ಅವರು.

ಮೊದಲ ದಿನವೇ ನಮಗೆ ಜಗಳವಾಯಿತು. ನಾನು ಶಾಲೆಯ ಅಭ್ಯಾಸದಂತೆ ಅಂಕಪಟ್ಟಿಯ ಮಾದರಿಯೊಂದನ್ನು ಸಿದ್ಧಪಡಿಸಿ ಒಯ್ದಿದ್ದೆ: ಕಥೆಗೆ ಇಷ್ಟು, ಚಿತ್ರಕ್ಕೆ ಇಷ್ಟು, ಆಡುವ ಕ್ರಮಕ್ಕೆ ಇಷ್ಟು, ದನಿಗೆ ಇಷ್ಟು, ಒಟ್ಟು ನೂರು. ಭಾವ ಅದನ್ನು ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಲ್ಲ ಮೇಷ್ಟ್ರೇ, ಕ್ರಿಕೆಟ್ ಆಟಕ್ಕೆ ಎಂತ ಕಥೆ ಮಾರಾಯ? ಬಾಲ್ ಬಂತು, ಹೊಡ್ದ, ಔಟಾದ. ಅದ್ಕೆ ಕಥೆ ಇಲ್ಲ ಅಂತ ಇಪ್ಪತ್ತಂಕ ಕಡಿತೀಯನಾ?"

"ಹಾಗಾದರೆ ಕ್ರಿಕೆಟ್ಟಿಗೆ ಬೇರೆ ಪಟ್ಟಿ ಮಾಡೋಣ ಭಾವ."

"ಕಾರು ಓಡ್ಸದಕ್ಕೆ?"

"ಅದಕ್ಕೂ ಬೇರೆ."

"ದೆವ್ವದ ಆಟಕ್ಕೆ? ಹೆದರಿಕೆ ಆಯ್ತೋ ಇಲ್ವೋ ಅಂತ ನಾಡಿ ಹಿಡ್ದು ನೋಡಾಣ ಹಂಗಾರೆ."

ಹೀಗೆ ಒಂದೊಂದು ಬಗೆಯ ಆಟಕ್ಕೂ ಒಂದೊಂದು ಪಟ್ಟಿ ಹುಟ್ಟಿತು. ಒಗಟಿನ ಆಟದಲ್ಲಿ ಉತ್ತರ ತಿಳಿದ ಮೇಲೆ 'ಇದು ನನಗೆ ಹೊಳೆಯಬೇಕಾಗಿತ್ತು' ಎನ್ನಿಸಿದರೆ ಪೂರ್ಣಾಂಕ, 'ಇದು ಯಾರಿಗೆ ತಾನೇ ಹೊಳೆದೀತು' ಎನ್ನಿಸಿದರೆ ಅರ್ಧ. ಹೊಡೆದಾಟದ ಆಟದಲ್ಲಿ ಸೋತಾಗ ತಪ್ಪು ನನ್ನದೆಂದು ಅನ್ನಿಸಬೇಕು, ಯಂತ್ರದ್ದೆಂದಲ್ಲ. ಬೇಸಾಯದ ಆಟವೊಂದರ ಪಟ್ಟಿಗೆ ಹೊಸ ಅಂಶ ಸೇರಿದ್ದು ಪಹಣಿಗೆಂದು ಬಂದು ಕಾದು ಕುಳಿತಿದ್ದ ರೈತರೊಬ್ಬರಿಂದ. ಪರದೆಯ ಮೇಲಿನ ಹಸಿರು ಹೊಲವನ್ನು ಬಹಳ ಹೊತ್ತು ನೋಡಿ ಅವರು ಕೇಳಿದರು: "ಇದ್ರಾಗೆ ಹಂದಿ ಕಾಟ ಇಲ್ವೇನ್ರಿ?" ಇಲ್ಲವೆಂದಾಗ, "ಹಂಗಾದ್ರೆ ಯಾರಾದ್ರೂ ಬೆಳೀಬೌದು ಬಿಡ್ರಿ" ಎಂದು ಎದ್ದು ಹೋದರು. ಭಾವ ಹಂದಿ ಇಲ್ಲದ್ದಕ್ಕೆ ಐದು ಅಂಕ ಕಡಿದರು. ವಿಮರ್ಶೆಯಲ್ಲಿ ನಾನು ಅದನ್ನು 'ಅಡೆತಡೆಗಳ ಕೊರತೆ' ಎಂದು ಬರೆದೆ.

ಕೆಲವು ಕಟ್ಟಳೆಗಳು ಎಲ್ಲ ಬಗೆಗೂ ಒಂದೇ ಆಗಿದ್ದವು, ಅವು ನನ್ನವು. ಕೊನೆಯವರೆಗೂ ಆಡದ ಆಟಕ್ಕೆ ಅಂಕ ಕೊಡಬಾರದು. ಆಟದ ಅಂತ್ಯವನ್ನು ವಿಮರ್ಶೆಯಲ್ಲಿ ಹೇಳಬಾರದು. ಅಂಕ ನಿಶ್ಚಯವಾಗುವವರೆಗೆ ಆಟ ಮಾಡಿದವರ ಹೆಸರುಗಳನ್ನು ನೋಡಬಾರದು. ಉತ್ತರ ಪತ್ರಿಕೆಯ ಮೇಲೆ ವಿದ್ಯಾರ್ಥಿಯ ಹೆಸರಿರದೆ ಸಂಕೇತ ಸಂಖ್ಯೆ ಮಾತ್ರ ಇರುವಂತೆ, ನಮಗೂ ಆಟವೊಂದೇ ಮುಂದಿರಬೇಕು; ಅದರ ಹಿಂದಿನ ಮುಖ ಕಾಣಬಾರದು.

ಮೌಲ್ಯಮಾಪಕರು ಇಬ್ಬರು. ನಾನೂ ಭಾವನೂ ಬೇರೆ ಬೇರೆಯಾಗಿ ಆಡಿ, ಅಂಕವನ್ನು ಚೀಟಿಯಲ್ಲಿ ಬರೆದು, ಮಡಚಿ, ನಮ್ಮ ನಮ್ಮ ಚಹಾ ಲೋಟದ ಅಡಿಯಲ್ಲಿ ಇಡುತ್ತಿದ್ದೆವು. ಚಹಾ ಮುಗಿದ ಮೇಲೆ ತೆರೆಯುವುದು. ಅಂತರ ಹದಿನೈದರ ಒಳಗಿದ್ದರೆ ಸರಾಸರಿ. ಮೀರಿದರೆ ಮೂರನೆಯ ಮೌಲ್ಯಮಾಪನ. ಮೂರನೆಯವಳು ಅಕ್ಕ. ಕೇಂದ್ರದ ಹಿಂಬದಿಗೇ ಮನೆ. ಅಕ್ಕ ಒಂದು ದಿನವೂ ಕಂಟ್ರೋಲರ್ ಮುಟ್ಟಿದವಳಲ್ಲ. ಅವಳ ಅಳತೆಯೇ ಬೇರೆ.

"ಊಟಕ್ಕೆ ಒಂದೇ ಸಲ ಕರ್ದಿದ್ದಕ್ಕೆ ಇಬ್ರೂ ಎದ್ದು ಬಂದ್ರಿ. ನಲ್ವತ್ತು ಕೊಡ್ರಿ ಸಾಕು."

ಒಂದು ದೆವ್ವದ ಆಟಕ್ಕೆ ಅವಳು ತೊಂಬತ್ತು ಕೊಟ್ಟಳು. "ಕರ್ದು ಕರ್ದು ನನ್ ಗಂಟ್ಲು ಬಿತ್ತು. ಸಾರು ಆರಿ ತಣ್ಣಗಾತು. ತೊಂಬತ್ತು ಬರ್ಕಳ್ರಿ, ಮತ್ತೆ ಆ ಆಟ ಈ ಮನೆ ಒಳಗೆ ತರಬ್ಯಾಡ್ರಿ." ಹುಟ್ಟಿದ್ದು ಶಿಕಾರಿಪುರ, ಬಾಳಿದ್ದು ಸೊರಬವಾದ್ದರಿಂದ ಅಕ್ಕನ ಮಾತಿನಲ್ಲಿ ಎರಡೂ ಊರುಗಳು ಇವೆ, ಸಿಟ್ಟು ಬಂದಾಗ ಶಿಕಾರಿಪುರ ಮುಂದಾಗುತ್ತದೆ.

ಭಾವನಿಗೆ ಕೆಮ್ಮು ಬಹಳ ವರ್ಷಗಳದ್ದು. ವೈದ್ಯರಿಗೆ ಗೊತ್ತಿತ್ತು, ನಮಗೆಲ್ಲರಿಗೂ ಗೊತ್ತಿತ್ತು; ಗುಳಿಗೆಗಳು ನಡೆದೇ ಇದ್ದವು. ಓದಿದ ವಿಮರ್ಶೆಯನ್ನು ಅವರು ನನಗೆ ಕಳುಹಿಸುತ್ತಿದ್ದರು. ಕಂಪ್ಯೂಟರಿನಲ್ಲಿ ಅದನ್ನು ಕೇಳಿ, ಕೆಮ್ಮಿದ ಕಡೆಗಳನ್ನು ಕತ್ತರಿಸಿ, ಎರಡು ತುದಿಗಳನ್ನು ಜೋಡಿಸಿ, ವಾಕ್ಯವನ್ನು ಅಖಂಡವಾಗಿಸುವುದು ನನ್ನ ಕೆಲಸ. ಕೆಮ್ಮು ಬರುವ ಮುನ್ನ ಗಂಟಲಿನಲ್ಲಿ ಒಂದು ಸಣ್ಣ ತಡೆ ಇರುತ್ತಿತ್ತು, ಬಾಗಿಲನ್ನು ತಟ್ಟಲೋ ಬೇಡವೋ ಎಂದು ಯಾರೋ ಕೈ ಎತ್ತಿದಂತೆ. ಆಮೇಲೆ ಒಂದು ಕೆಮ್ಮು, ಅದರ ಬೆನ್ನಿಗೆ ಅರ್ಧ ಕೆಮ್ಮು. ಆ ಒಂದೂವರೆಯನ್ನು ಪರದೆಯ ಮೇಲಿನ ಗೆರೆಯ ಆಕಾರದಲ್ಲಿಯೇ ಗುರುತಿಸಬಲ್ಲವನಾಗಿದ್ದೆ.

ಅವರು ಹೋದದ್ದು ಒಂದು ಚಳಿಗಾಲದ ಕೊನೆಯಲ್ಲಿ. ವಿಮರ್ಶೆಗಳನ್ನು ಹಾಕುತ್ತಿದ್ದ ನಮ್ಮ ವಿಡಿಯೋ ಚಾನೆಲ್ ಕೆಲವು ತಿಂಗಳು ಸುಮ್ಮನಿತ್ತು. ಮತ್ತೆ ಆರಂಭಿಸಿದಾಗ ನಾನು ಓದುವ ಗೋಜಿಗೆ ಹೋಗಲಿಲ್ಲ. ಆಡಿದ ವಿಡಿಯೋದ ಕೆಳಗೆ ವಿಮರ್ಶೆಯನ್ನು ಬರಹದಲ್ಲಿ ಹಾಕತೊಡಗಿದೆ. ಎರಡನೆಯ ಮೌಲ್ಯಮಾಪಕ ಎಂಬ ಸಾಲನ್ನು ಪಟ್ಟಿಯಿಂದ ತೆಗೆಯಲಿಲ್ಲ. ಅದರ ಮುಂದೆ ಒಂದು ಅಡ್ಡಗೆರೆ ಎಳೆದು ಬಿಡುತ್ತಿದ್ದೆ.

ಆಗ ಈ ಆಟ ಬಂತು. ಮಾಡಿದವಳು ಬಂದಳಿಕೆಯ ಕಡೆಯ ಹೆಣ್ಣುಮಗಳು, ಕುರಿ ಸಾಕುವ ಮನೆಯವಳು. ಭಾವನ ಕೇಂದ್ರದಲ್ಲಿ ಕಂಪ್ಯೂಟರ್ ಕಲಿತು, ಮುಂದೆ ಓದಿ, ಹಲವು ವರ್ಷ ಒಬ್ಬಳೇ ಕುಳಿತು ಈ ಆಟವನ್ನು ಕಟ್ಟಿದ್ದಳು. ಫೋನಿನಲ್ಲಿ ಅವಳು ಹೇಳಿದ್ದು ಸ್ಪಷ್ಟವಾಗಿತ್ತು.

"ಆನ್‌ಲೈನ್ ಅಂಗಡಿಯಾಗೆ ಹೊಸ ಆಟ ಮೊದಲ ಕೆಲ್ವು ದಿನ ಅಷ್ಟೇ ಮೇಲೆ ಕಾಣ್ತತಿ ಮೇಷ್ಟ್ರೇ. ಯಾರೂ ಮಾತಾಡ್ಲಿಲ್ಲ ಅಂದ್ರೆ ಕೆಳಗೆ ಹೋಗಿ ಕಲ್ಲು ಬಿದ್ದಂಗೆ ಬೀಳ್ತತಿ. ಕನ್ನಡದ ಆಟಕ್ಕೆ ಕನ್ನಡದಾಗೆ ಅಂಕ ಕೊಡೋರು ನನಗೆ ಗೊತ್ತಿದ್ದಂಗೆ ನೀವೊಬ್ರೆ. ಕಮ್ಮಿ ಕೊಟ್ರೂ ಕೊಡ್ರಿ, ಸರಿಯಾಗಿ ನೋಡಿ ಕೊಡ್ರಿ."

ಸರಿಯಾಗಿ ನೋಡುವೆನೆಂದು ಮಾತು ಕೊಟ್ಟೆ. ಆಮೇಲೆ ಅವಳು, ಆಟದಲ್ಲಿ ಕುರುಬನ ದನಿ 'ಸರ್' ಅವರದು ಎಂದಳು. ಅವಳಿಗೆ ಸರ್ ಎಂದರೆ ಭಾವ. "ಅಪ್ಪಂಗೆ ಮೈಕ್ ಮುಂದೆ ಬಾಯೇ ಬರಂಗಿಲ್ರಿ. ಅದಕ್ಕೆ ಸರ್ ಹತ್ರ ಹೇಳಿಸ್ದೆ. ಅವ್ರು ಹೋಗಾಕಿಂತ ಒಂದ್ ತಿಂಗ್ಳು ಮುಂಚೆ."

ಆಟ ಮಾಡಿದವರ ಹೆಸರನ್ನು ನೋಡುವುದಿಲ್ಲ ಎಂಬ ಕಟ್ಟಳೆ ನನ್ನದೇ; ಅವಳ ಫೋನಿನಿಂದ ಅದು ಆಗಲೇ ಮುರಿದಿತ್ತು. ಹೆಸರನ್ನಾದರೂ ಬದಿಗಿಡಬಹುದು, ದನಿಯನ್ನು ಮರೆಮಾಡುವುದು ಹೇಗೆ? ಭಾವನ ದನಿ ಕೇಳಿದರೆ ನನ್ನ ಕೈ ತಾನಾಗಿ ಅಂಕವನ್ನು ಮೇಲಕ್ಕೆ ಒಯ್ಯುತ್ತದೆ. ಅದಕ್ಕೆ ಹೆದರಿದರೆ ಅಷ್ಟೇ ವೇಗವಾಗಿ ಕೆಳಕ್ಕೆ ಒಯ್ಯುತ್ತದೆ. ಹೀಗೆ ತರ್ಕಿಸಿ ನಾನು ಹೆಡ್‌ಫೋನನ್ನು ಖಾನೆಯಲ್ಲಿಟ್ಟೆ. ದನಿಯ ವಿಭಾಗವನ್ನು ಪಟ್ಟಿಯಿಂದ ಹೊರಗಿಟ್ಟು, ಉಳಿದವನ್ನು ನೂರಕ್ಕೆ ಪರಿವರ್ತಿಸಿ, 'ವಿಮರ್ಶಕನು ದನಿ ನೀಡಿದವರ ಸಂಬಂಧಿಯಾದ್ದರಿಂದ ಆ ಭಾಗವನ್ನು ಮೌಲ್ಯಮಾಪನಕ್ಕೆ ಒಳಪಡಿಸಿಲ್ಲ' ಎಂದು ಮೊದಲೇ ಒಂದು ಷರಾ ಬರೆದಿಟ್ಟುಕೊಂಡೆ.

ಆಟದಲ್ಲಿ ನಾವು ಒಂದು ಕುರಿ. ಸಂಜೆ ಮಂದೆ ತಿರುಗುವಾಗ ಮಂಜು ಇಳಿಯುತ್ತದೆ, ಮಂದೆ ಕಾಣದಾಗುತ್ತದೆ, ಕುರಿ ಪಾಳುಗುಡಿಗಳ ನಡುವೆ ಒಂಟಿಯಾಗುತ್ತದೆ. ಬಿದ್ದ ಕಂಬಗಳು, ಅಕ್ಷರ ಸವೆದ ಶಾಸನದ ಕಲ್ಲುಗಳು, ಮುಗಿಯದ ಗೋಡೆಗಳು. ರೊಪ್ಪಕ್ಕೆ, ಅಂದರೆ ಮುಳ್ಳುಬೇಲಿಯ ಕುರಿದೊಡ್ಡಿಗೆ, ಸೇರಿದರೆ ಆಟ ಮುಗಿಯಿತು. ಮಂಜಿನಲ್ಲಿ ಎರಡು ಮಾರಿಗಿಂತ ಮುಂದಕ್ಕೆ ಏನೂ ಕಾಣುವುದಿಲ್ಲ.

ನಾನು ಗ್ರಾಫ್ ಕಾಗದ ತೆಗೆದುಕೊಂಡೆ. ಒಂದು ಚೌಕಕ್ಕೆ ಕುರಿಯ ಹತ್ತು ಹೆಜ್ಜೆಯೆಂದು ಇಟ್ಟು, ಮೂಡಣದ ಮೂಲೆಯಿಂದ ಆರಂಭಿಸಿ, ಚೌಕ ಚೌಕವಾಗಿ ಇಡೀ ಪಾಳನ್ನು ಬಾಚಿದೆ. ಗೋಡೆ ಸಿಕ್ಕಲ್ಲಿ ಗೆರೆ, ಕಂಬ ಸಿಕ್ಕಲ್ಲಿ ಚುಕ್ಕೆ. ಕುರಿ ಆಗಾಗ ತಾನಾಗಿಯೇ ನಿಲ್ಲುತ್ತಿತ್ತು. ಕಿವಿಗಳನ್ನು ನಿಮಿರಿಸಿ, ನಾನು ಒಯ್ಯುತ್ತಿದ್ದ ದಿಕ್ಕನ್ನು ಬಿಟ್ಟು ಬೇರೊಂದು ದಿಕ್ಕಿಗೆ ತಲೆ ತಿರುಗಿಸಿ, ಅಲ್ಲಿ ಏನೂ ಇಲ್ಲದ ಮಂಜನ್ನು ದಿಟ್ಟಿಸುತ್ತಿತ್ತು. ನಾನು ಗುಂಡಿ ಒತ್ತಿ ಅದನ್ನು ನನ್ನ ಚೌಕಕ್ಕೆ ಎಳೆದುಕೊಳ್ಳುತ್ತಿದ್ದೆ. ಸ್ವಲ್ಪ ದೂರ ಹೋಗುವುದರೊಳಗೆ ಮತ್ತೆ ನಿಂತು ಕಿವಿ ನಿಮಿರಿಸುತ್ತಿತ್ತು. ಬಿಸಿಲು ನೆಲದಿಂದ ಗೋಡೆಗೆ ಏರಿತು. ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ. ಕೇಳಿಸದ ಯಾವುದನ್ನೋ ಕೇಳಿಸಿಕೊಳ್ಳುತ್ತಿರುವ ಪ್ರಾಣಿಯ ಜೊತೆಗೆ ಅಷ್ಟು ಹೊತ್ತು ಕುಳಿತಿರುವುದು ಹಿತವಾಗಿರಲಿಲ್ಲ. ಎರಡು ಸಲ ನಾನೂ ಹಿಂತಿರುಗಿ ಬಾಗಿಲ ಕಡೆ ನೋಡಿದೆ.

ಮೂರು ದಿನ ಹಿಡಿಯಿತು. ಕೊನೆಗೆ ರೊಪ್ಪದ ಬಾಗಿಲು ಒಂದು ಚೌಕದಲ್ಲಿ ಸಿಕ್ಕಿತು; ಕುರಿ ಒಳಹೊಕ್ಕಿತು, ಬಾಗಿಲು ಮುಚ್ಚಿತು, ಪರದೆ ಕಪ್ಪಾಯಿತು. ಅಂಕ: ನಲವತ್ತೊಂದು. ವಿಮರ್ಶೆಯಲ್ಲಿ ಹೀಗೆ ಬರೆದೆ: 'ದಾರಿ ಹುಡುಕಲು ಆಟಗಾರನಿಗೆ ಯಾವ ಸುಳಿವನ್ನೂ ಒದಗಿಸಿಲ್ಲ. ಗ್ರಾಫ್ ಕಾಗದದಲ್ಲಿ ಚೌಕ ಹಾಕಿಯೇ ರೊಪ್ಪವನ್ನು ಹುಡುಕಬೇಕಾಯಿತು. ಕುರಿಯ ಚಲನೆ ಸಹಜವಾಗಿದೆಯಾದರೂ ಅದು ಅಕಾರಣವಾಗಿ ಕಿವಿ ನಿಮಿರಿಸಿ ನಿಲ್ಲುವುದು ಪದೇ ಪದೇ ಮರುಕಳಿಸಿ ಕಿರಿಕಿರಿ ಉಂಟುಮಾಡುತ್ತದೆ.' ವಾಕ್ಯಗಳನ್ನು ಎರಡು ಸಲ ತಿದ್ದಿದೆ. ವಿಡಿಯೋದಲ್ಲಿ ಅಂತ್ಯ ಕಾಣದಂತೆ ರೊಪ್ಪದ ಬಾಗಿಲಿನಿಂದ ಆಚೆಯದನ್ನು ಕತ್ತರಿಸಿ, ಉಳಿದದ್ದನ್ನು ಕೇಳಿನೋಡದೆ ಹಾಗೆಯೇ ಏರಿಸಿದೆ.

ಮರುದಿನ ಬೆಳಿಗ್ಗೆ ವಿಡಿಯೋದ ಕೆಳಗೆ ಒಬ್ಬರು ಬರೆದಿದ್ದರು: 'ಅವರು ಎಡಗಡೆಯಿಂದ ಕರೀತಾ ಇದ್ರೆ ನೀವು ಬಲಗಡೆ ಹೋಗ್ತೀರಲ್ಲ ಸಾರ್, ಬೇಕಂತ ಮಾಡಿದ್ದಾ?' ಇನ್ನೊಬ್ಬರು ನಕ್ಕಿದ್ದರು. ಇನ್ನೊಬ್ಬರು, ನಲವತ್ತೊಂದು ಅಂಕದ ಆಟವನ್ನು ತಾವು ಆಡುವುದಿಲ್ಲವೆಂದು ಬರೆದಿದ್ದರು. ನಾನು ಅವನ್ನು ಅರ್ಥಮಾಡಿಕೊಳ್ಳುವ ಮೊದಲೇ ಅಕ್ಕನ ಫೋನು ಬಂತು.

"ತಮ್ಮಾ, ನಿಮ್ಮ ಭಾವಂಗೆ ನಲ್ವತ್ತೊಂದು ಕೊಟ್ಯನಾ?"

"ಭಾವನಿಗಲ್ಲ ಅಕ್ಕ, ಆಟಕ್ಕೆ."

"ಮೂವತ್ತೈದಕ್ಕೆ ಪಾಸು ಮಾಡ್ತಿದ್ಯಲ್ಲ ಶಾಲಿನಾಗೆ, ಆರಂಕ ಮೇಲೇ ಹಾಕಿದೀಯ. ದೊಡ್ಡ ಮನಸ್ಸು." ಆಮೇಲೆ ಅವಳ ದನಿ ಬದಲಾಯಿತು. "ನೀ ಹಾಕಿದ್ದಷ್ಟೂ ನೋಡ್ದೆ. ಅವ್ರು ಅಷ್ಟು ಕರೀತಾ ಅದಾರೆ. ಬಾ, ಇತ್ತ ಬಾ, ಅಲ್ಲಲ್ಲ ಮಾರಾಯ್ತಿ, ಇತ್ತ. ನೀ ತಿರುಗಿ ಸೈತ ನೋಡ್ಲಿಲ್ಲ. ಆ ಕುರಿನಾದ್ರೂ ನೋಡ್ತು."

ನಾನು ಫೋನನ್ನು ಕಿವಿಯಲ್ಲಿಟ್ಟುಕೊಂಡೇ ಖಾನೆಯನ್ನು ನೋಡಿದೆ. ಮೂರು ದಿನವೂ ಟವೆಲಿನ ಅಡಿಯಲ್ಲಿ ಆ ದನಿ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಕರೆಯುತ್ತಲೇ ಇತ್ತು.

ಆಟ ಮಾಡಿದವಳು ಮಧ್ಯಾಹ್ನ ಫೋನ್ ಮಾಡಿದಳು. ಬಯ್ಯುತ್ತಾಳೆಂದುಕೊಂಡಿದ್ದೆ, ಬಯ್ಯಲಿಲ್ಲ. "ಮೇಷ್ಟ್ರೇ, ಕಿವಿ ಮುಚ್ಕೆಂಡು ಆಡೀರಲ್ರಿ. ಗ್ರಾಫ್ ಹಾಕಿ ರೊಪ್ಪ ಹುಡುಕಿದ್ದು ನೋಡಿ ನಮ್ಮಪ್ಪ ನಕ್ಕಿದ್ದೇ ನಕ್ಕಿದ್ದು. ಕುರಿ ನಕಾಶೆ ಹಿಡ್ಕಂಡು ಮನಿಗೆ ಬರ್ತಾವೇನ್ಲೇ ಅಂದ. ಕುರಿಗೆ ದಾರಿ ಕಣ್ಣಾಗೆ ಅಲ್ರಿ, ಕಿವಿಯಾಗೆ." ಆಮೇಲೆ ಮೆಲ್ಲಗೆ, "ಇನ್ನ ನಾಕು ದಿನ ಆ ಅಂಗಡಿಯಾಗೆ ಮೇಲೆ ಇರ್ತತಿ. ಮತ್ತೊಂದ್ಸಲ ನೋಡ್ತೀರೇನ್ರಿ?"

ಮರುಮೌಲ್ಯಮಾಪನ ಕೇಳುವುದು ವಿದ್ಯಾರ್ಥಿಯ ಹಕ್ಕು. ನಲವತ್ತೊಂದನ್ನು ಆಗಲೇ ಹಿಂತೆಗೆದುಕೊಂಡು, 'ಮೌಲ್ಯಮಾಪನದ ಕ್ರಮದಲ್ಲಿ ದೋಷವಿದ್ದುದರಿಂದ ಅಂಕವನ್ನು ತಡೆಹಿಡಿಯಲಾಗಿದೆ' ಎಂದು ಬರೆದೆ. ಖಾನೆಯನ್ನು ತೆರೆದೆ. ಟವೆಲನ್ನು ತೆಗೆದೆ. ಹೆಡ್‌ಫೋನನ್ನು ಕಿವಿಯವರೆಗೆ ಒಯ್ದು, ಮತ್ತೆ ಒಳಗಿಟ್ಟೆ. ಒಬ್ಬನೇ ಅದನ್ನು ಕೇಳಲು ನನ್ನಿಂದಾಗುತ್ತಿರಲಿಲ್ಲ. ಮರುದಿನ ಲ್ಯಾಪ್‌ಟಾಪ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸೊರಬದ ಬಸ್ ಹತ್ತಿದೆ.

ಹಿಂದಿನ ಕೋಣೆಯ ಗೋಣಿಚೀಲಗಳು ಹಾಗೆಯೇ ಇದ್ದವು. ಕೇಂದ್ರದ ಮುಂಭಾಗವನ್ನು ಈಗ ಬೇರೆಯವರು ನಡೆಸುತ್ತಾರೆ. ಈ ಕೋಣೆಯನ್ನು ಅಕ್ಕ ಬಿಟ್ಟುಕೊಟ್ಟಿಲ್ಲ. ಭಾವನ ದೊಡ್ಡ ಸ್ಪೀಕರುಗಳಿಗೆ ಲ್ಯಾಪ್‌ಟಾಪನ್ನು ಜೋಡಿಸಿದೆ. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಎಂದಿನಂತೆ. ನಾನು ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ.

ಆಟ ಆರಂಭವಾಯಿತು. ಮಂಜು ಇಳಿಯಿತು. ಸ್ವಲ್ಪ ಹೊತ್ತು ಗಾಳಿಯ ಸದ್ದು. ಆಮೇಲೆ, ಕೋಣೆಯ ಬಲಮೂಲೆಯಿಂದ, ಅವರು ಕರೆದರು.

"ಬಾ... ಇತ್ತ ಬಾ. ಹೆದರಬ್ಯಾಡ. ನಾ ಇಲ್ಲೇ ಅದೀನಿ."

ಅವರು ಆ ಮೂಲೆಯಲ್ಲಿಯೇ ಕುಳಿತು ಓದುತ್ತಿದ್ದುದು. ಗೋಣಿಯ ವಾಸನೆ, ಮಧ್ಯಾಹ್ನದ ಬೆಳಕು, ದನಿ, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಕುರ್ಚಿ ಮಾತ್ರ ಖಾಲಿ. ಕುರಿ ಕಿವಿ ನಿಮಿರಿಸಿ ಬಲಕ್ಕೆ ತಿರುಗಿತು. ಈ ಸಲ ನಾನೂ ಅದರ ಜೊತೆಗೆ ತಿರುಗಿದೆ.

ದನಿ ಮುಂದೆ ಮುಂದೆ ಹೋಗುತ್ತಿತ್ತು, ನಾವು ಹಿಂದೆ. ದಾರಿ ತಪ್ಪಿದರೆ ಗದರಿಸುತ್ತಿತ್ತು, ಹತ್ತಿರವಾದರೆ ಏನನ್ನೋ ಗುನುಗುತ್ತಿತ್ತು. ಹಾಗೆ ಹೋಗುತ್ತ ಹೋಗುತ್ತ ಮೂರು ಗುಡಿಗಳು ಎದುರುಬದುರಾಗಿರುವ ಬಯಲಿಗೆ ಬಂದೆವು. ಅಲ್ಲಿ ಎಲ್ಲ ದಿಕ್ಕಿನಿಂದಲೂ ಅದೇ ದನಿ. ಗೋಡೆಗಳು ಕರೆಯನ್ನು ತಿರುಗಿ ಎಸೆಯುತ್ತಿದ್ದವು. "ಬಾ" ಎಂಬುದು ಎಡದಿಂದ, ಹಿಂದಿನಿಂದ, ಮುಂದಿನಿಂದ. ಒಂದರ ಹಿಂದೆ ಹೋದೆ, ಕಲ್ಲಿಗೆ ಮುಖ ತಾಗಿತು. ಇನ್ನೊಂದರ ಹಿಂದೆ ಹೋದೆ, ಮತ್ತೆ ಕಲ್ಲು. ಕಲ್ಲಿನೊಳಗಿನಿಂದ ಭಾವ ಪ್ರೀತಿಯಿಂದಲೇ ಕರೆಯುತ್ತಿದ್ದರು.

"ಎಷ್ಟು ಜನ ಆದ್ರು ಇವ್ರು" ಎಂದಳು ಅಕ್ಕ. ಬಾಗಿಲನ್ನು ಬಿಟ್ಟು ಒಳಗೆ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದಳು.

ಆಗ ನನಗೆ ಅದು ಕೇಳಿಸಿತು. ಕಂಟ್ರೋಲರನ್ನು ಕೆಳಗಿಟ್ಟು ಕಣ್ಣು ಮುಚ್ಚಿದೆ. ಗಂಟಲಿನ ಸಣ್ಣ ತಡೆ, ಒಂದು ಕೆಮ್ಮು, ಬೆನ್ನಿಗೆ ಅರ್ಧ. ಆಮೇಲೆ "ಬಾ". ನಾಲ್ಕು ಕರೆಗಳಲ್ಲಿ ಒಂದಕ್ಕೆ ಮಾತ್ರ ಆ ಕೆಮ್ಮಿತ್ತು. ಕಲ್ಲುಗಳು ಮಾತನ್ನು ಹಿಂತಿರುಗಿಸುತ್ತಿದ್ದವು, ಕೆಮ್ಮನ್ನು ಹಿಂತಿರುಗಿಸುತ್ತಿರಲಿಲ್ಲ. ವರ್ಷಗಟ್ಟಲೆ ನಾನು ಗೆರೆ ನೋಡಿ ಗುರುತಿಸಿ ಕತ್ತರಿಸಿ ಎಸೆದ ಆ ಒಂದೂವರೆ, ಈ ಪಾಳಿನಲ್ಲಿ ಬದುಕಿದ ಮನುಷ್ಯನ ಏಕೈಕ ಗುರುತಾಗಿತ್ತು.

ಅದರ ದಿಕ್ಕಿಗೆ ಹೋದೆ. ಮಂಜು ತೆಳುವಾಯಿತು.

"ಕೆಮ್ಮು ಬಿಟ್ಟಿದಾಳೆ ನೋಡು ಆ ಹುಡ್ಗಿ" ಎಂದಳು ಅಕ್ಕ. "ತೆಗೀಲಾ ಅಂತ ಕೇಳಿದ್ಲಂತೆ. ಇವ್ರೇ ಬ್ಯಾಡ ಅಂದ್ರಂತೆ. ನಮ್ಮ ಮೇಷ್ಟ್ರು ಒಬ್ಬ ತೆಗ್ದಿದ್ದೇ ಸಾಕು ಅಂದ್ರಂತೆ." ಅವಳು ನಕ್ಕಳು, ನಾನೂ ನಕ್ಕೆ. ಸ್ಪೀಕರಿನಲ್ಲಿ ಅವರು ಮತ್ತೊಮ್ಮೆ ಕೆಮ್ಮಿದರು.

ರೊಪ್ಪ ಕಾಣಿಸಿತು. ಮುಳ್ಳುಬೇಲಿ, ತೆರೆದ ಬಾಗಿಲು, ಒಳಗೆ ಮಂದೆಯ ಮಸುಕು. ಬಾಗಿಲ ಪಕ್ಕದಲ್ಲಿ ಕಂಬಳಿ ಹೊದ್ದ ಆಕೃತಿ; ಮುಖ ಬಿಡಿಸಿಲ್ಲ. "ಬಾ, ಬಂದ್ಬಿಡು" ಎಂದಿತು ದನಿ, ಈಗ ಬಹಳ ಹತ್ತಿರದಿಂದ. ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಅಕ್ಕ ನನ್ನ ಮಣಿಕಟ್ಟು ಹಿಡಿದಳು.

"ತಡಿ. ಒಳಗೆ ಹೋದ್ರೆ ಎಂತ ಆಗ್ತದೆ?"

ನಾನು ಮೊದಲೇ ಮುಗಿಸಿದ್ದವನು, ನನಗೆ ಗೊತ್ತಿತ್ತು. "ಬಾಗಿಲು ಮುಚ್ಚುತ್ತೆ. ಆಟ ಮುಗಿಯುತ್ತೆ."

"ಇವ್ರು?"

"ಕರೆಯೋದು ನಿಲ್ಲುತ್ತೆ. ಕುರಿ ಬಂತಲ್ಲ."

"ಹೋಗ್ದಿದ್ರೆ?"

ಅದನ್ನು ನಾನು ಯೋಚಿಸಿರಲಿಲ್ಲ. ಕಾದೆವು. ಕುರಿ ಬಾಗಿಲಿನ ಹೊರಗೆ ನಿಂತು ಕಿವಿ ಆಡಿಸುತ್ತಿತ್ತು. ತುಸು ಹೊತ್ತಾದ ಮೇಲೆ ಕರೆ ಬಂತು. ಮತ್ತೆ ತುಸು ಹೊತ್ತಿಗೆ ಇನ್ನೊಂದು, ಬೇರೆ ಮಾತಿನಲ್ಲಿ: "ಎಂತ ಮಾರಾಯ್ತಿ, ಅಲ್ಲೇ ನಿಂತ್ಯಲ್ಲ." ಕರೆ ನಿಲ್ಲಲಿಲ್ಲ.

"ಹಂಗಾರೆ ಅಲ್ಲೇ ಇರ್ಲಿ" ಎಂದು ಅಕ್ಕ ಚಹಾ ಮಾಡಲು ಒಳಗೆ ಹೋದಳು. ಅಡುಗೆಮನೆಯಿಂದ ಪಾತ್ರೆಯ ಸದ್ದು, ಇಲ್ಲಿಂದ ಅವರ ಕರೆ. ನಡುವೆ ನಾನು. ಎರಡು ಲೋಟ ಚಹಾ ಬಂದಾಗ ಅಭ್ಯಾಸಬಲದಿಂದ ಒಂದು ಚೀಟಿ ಹರಿದು ಅವಳಿಗೆ ಕೊಟ್ಟೆ. ಎರಡನೆಯ ಮೌಲ್ಯಮಾಪಕರಿಲ್ಲದೆ ಅಂಕ ಕೊಡುವುದು ನನಗೆ ಸಾಕಾಗಿತ್ತು.

ಅಕ್ಕ ಚೀಟಿಯನ್ನು ನೋಡಿ ಹಿಂತಿರುಗಿಸಿದಳು. "ಕೊನೀವರೆಗೂ ಆಡ್ದೆ ಅಂಕ ಕೊಡಬಾರ್ದು ಅಂತ ನಿನ್ದೇ ಕಾನೂನು ಅಲ್ದನಾ? ನಾ ಇನ್ನೂ ಆಡ್ತಿದೀನಿ."

ಲ್ಯಾಪ್‌ಟಾಪನ್ನು ಅಲ್ಲಿಯೇ ಬಿಟ್ಟು ಬಂದೆ. ಮನೆಯಲ್ಲಿದ್ದ ಹಳೆಯ ಯಂತ್ರಕ್ಕೆ ಆಟವನ್ನು ಹಾಕಿಕೊಂಡು, ಅದೇ ಹೊರಕೋಣೆಯಲ್ಲಿ, ಮಟಮಟ ಮಧ್ಯಾಹ್ನ, ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಆಡಿದೆ. ರೊಪ್ಪದೊಳಕ್ಕೆ ಹೋದೆ. ಬಾಗಿಲು ಮುಚ್ಚಿದ ಮೇಲೆ, ಕಪ್ಪು ಪರದೆಯಲ್ಲಿ, ಅವರು ಒಂದು ಮಾತು ಹೇಳುತ್ತಾರೆ. ಸದ್ದಿಲ್ಲದೆ ಆಡಿದಾಗ ಅದು ಇದೆಯೆಂಬುದೇ ನನಗೆ ತಿಳಿದಿರಲಿಲ್ಲ. ಅದನ್ನು ಇಲ್ಲಿ ಬರೆಯಲಾರೆ. ಅಂತ್ಯವನ್ನು ಹೇಳಬಾರದೆಂಬ ಕಟ್ಟಳೆಯ ಜೊತೆಗೆ, ನಾನು ಬರೆದದ್ದನ್ನೆಲ್ಲ ಅಕ್ಕ ಓದುತ್ತಾಳೆ. ಹೆಡ್‌ಫೋನ್ ತೆಗೆದ ಮೇಲೆ ಕೋಣೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಫ್ಯಾನು ತಿರುಗುತ್ತಿದೆಯೇ ಎಂದು ತಲೆಯೆತ್ತಿ ನೋಡಿದೆ. ತಿರುಗುತ್ತಿತ್ತು.

ಅಂಕ ಕೊಡುವಾಗ ಬಹಳ ಎಚ್ಚರ ವಹಿಸಿದೆ. ದುಃಖಕ್ಕೆ ನನ್ನ ಯಾವ ಪಟ್ಟಿಯಲ್ಲಿಯೂ ಅಂಕವಿಲ್ಲ. ಕುರಿಯ ಕಿವಿಗೆ ಪೂರ್ಣಾಂಕ. ದಾರಿಯ ಸುಳಿವಿಗೆ ಪೂರ್ಣಾಂಕ. ಆದರೆ ಮಾತುಗಳನ್ನು ಪರದೆಯ ಮೇಲೆ ಬರಹದಲ್ಲಿ ಎಲ್ಲಿಯೂ ಕೊಟ್ಟಿಲ್ಲ. ಕಿವಿ ಕೇಳದವರು ಈ ಪಾಳಿನಲ್ಲಿ ನಾನು ಅಲೆದಂತೆಯೇ ಅಲೆಯಬೇಕಾಗುತ್ತದೆ, ಅವರೆಲ್ಲರ ಬಳಿ ಗ್ರಾಫ್ ಕಾಗದ ಇರುವುದಿಲ್ಲ. ಅದಕ್ಕೆ ಹದಿನೆಂಟನ್ನು ಕಳೆದೆ. ಸಣ್ಣಪುಟ್ಟ ಕೊರತೆಗಳಿಗೆ ಇನ್ನು ಕೆಲವು. ಎಪ್ಪತ್ತಾರು. ಆಟ ಮಾಡಿದವಳು ಓದಿ, "ಹದಿನೆಂಟು ಹೋಗಿದ್ದು ನ್ಯಾಯ ಐತಿ ಮೇಷ್ಟ್ರೇ, ಬರಹ ಹಾಕ್ತೀನಿ" ಎಂದಳು. ಅಂಗಡಿಯ ಮೇಲಿನ ಸಾಲಿನಲ್ಲಿ ಆಟ ಇನ್ನೂ ಎರಡು ದಿನ ಇತ್ತು. ಅಷ್ಟರಲ್ಲಿ ಹಲವರು ಅದನ್ನು ಆಡಿ, ತಮ್ಮದೂ ಮಾತು ಸೇರಿಸಿದರು. ಬರಹ ಹಾಕುವಾಗ ಅವಳು ನನ್ನನ್ನೇ ಕೇಳಿದಳು. ಭಾವನ ಒಂದೊಂದು ಕರೆಯನ್ನೂ ಅವರು ಆಡಿದಂತೆಯೇ ಬರೆದುಕೊಟ್ಟೆ. ಕೆಮ್ಮಿದ ಕಡೆಯಲ್ಲಿ 'ಕೆಮ್ಮು' ಎಂದು ಬರೆದೆ.

ವಿಮರ್ಶೆಯ ಕೊನೆಯಲ್ಲಿ ಎರಡನೆಯ ಮೌಲ್ಯಮಾಪಕ ಎಂಬ ಸಾಲಿನ ಮುಂದೆ ಈ ಸಲ ಅಡ್ಡಗೆರೆ ಎಳೆಯಲಿಲ್ಲ. 'ಬಾಕಿ' ಎಂದು ಬರೆದೆ. ತಿಂಗಳುಗಳಾದರೂ ಅದು ಹಾಗೆಯೇ ಇದೆ.

ಮೊನ್ನೆ ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದ್ದೆ. ಏನೋ ಹೆಚ್ಚುತ್ತಿದ್ದಳು, ಈಳಿಗೆಮಣೆಯ ಸದ್ದು ಕೇಳುತ್ತಿತ್ತು. ಅದರ ಹಿಂದೆ, ದೂರದ ಕೋಣೆಯಿಂದ, ಒಂದೂವರೆ ಕೆಮ್ಮು, ಆಮೇಲೆ ಕರೆ. ಲ್ಯಾಪ್‌ಟಾಪ್ ಯಾವಾಗ ವಾಪಸು ಕೊಡುತ್ತೀಯೆಂದು ಕೇಳಬೇಕೆಂದಿದ್ದವನು ಕೇಳಲಿಲ್ಲ.

"ಅಕ್ಕ, ಇನ್ನೂ ಬಾಗಿಲ ಹೊರಗೇ ಇದ್ದೀಯಾ?"

"ಹೂಂ."

"ಅಷ್ಟು ಕರೀತಿದ್ದಾರಲ್ಲ."

ಈಳಿಗೆಮಣೆಯ ಸದ್ದು ನಿಂತಿತು. "ಕರೀಲಿ ಬಿಡು ತಮ್ಮಾ" ಎಂದಳು. "ಊಟಕ್ಕೆ ನಾ ಎಷ್ಟು ಸಲ ಕರ್ದಿಲ್ಲ ಅವ್ರನ್ನ."